ಮಾರ್ಜಿನ್ ಬಿಡದೆ ಕತ್ತರಿಸಿದ್ದು

ಕಾಲೇಜಿಗೆ ಸೇರಿದವರಿಗೆ ಪುಸ್ತಕ ಸಿಗದೆ ಹೋಗಬಹುದು, ಬೆಂಚು ಸಿಗದೆ ಹೋಗಬಹುದು, ಬುದ್ಧಿಮಾತು ಮಾತ್ರ ಬೇಡವೆಂದರೂ ಸಿಗುತ್ತದೆ. ನಾನು ನಲವತ್ತಮೂರನೆಯ ವಯಸ್ಸಿನಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದಾಗ ನನಗೆ ಸಿಕ್ಕಷ್ಟು ನಮ್ಮ ಬೀದಿಯಲ್ಲಿ ಇನ್ಯಾರಿಗೂ ಸಿಕ್ಕಿರಲಾರದು. ಬಟ್ಟೆ ಹೊಲಿಸಲು ಬಂದವರು ಅಳತೆ ಕೊಡುತ್ತಾ, ಕೈ ಎತ್ತಿ ಹಿಡಿದುಕೊಂಡೇ ಉಪದೇಶ ಮಾಡಿದರು. ನನ್ನ ಬಾಯಲ್ಲಿ ಗುಂಡುಪಿನ್ನು ಇರುತ್ತಿತ್ತು, ಅವರು ಬಚಾವು. ಬಸ್ಸು ಓಡಿಸುವ ನನ್ನ ಗಂಡ, "ಮುಂದಿನ ಸೀಟಲ್ಲಿ ಕೂತ್ಕೋ, ಕುಲುಕಾಟ ಕಡಿಮೆ," ಅಂದರು. ಅವರಿಗೆ ಲೋಕವೆಲ್ಲ ಬಸ್ಸೇ.

ನನ್ನ ಮಗಳು ಅದೇ ಕಾಲೇಜಿನಲ್ಲಿ ಕಾಮರ್ಸ್ ಕೊನೆಯ ವರ್ಷ. ನನ್ನ ಅರ್ಜಿ ತುಂಬಿದವಳೂ ಅವಳೇ, ನನಗಾಗಿ ಸಾಲಿನಲ್ಲಿ ನಿಂತವಳೂ ಅವಳೇ. ಹಾಗಾಗಿ ಬುದ್ಧಿ ಹೇಳುವ ಹಕ್ಕು ಅವಳಿಗೆ ಒಂದು ಗೇಣು ಜಾಸ್ತಿ.

"ಅಮ್ಮ, ಮೇಡಂನ 'ಏನ್ ಮಗಳೇ' ಅಂತ ಕರೀಬೇಡ. ಅರ್ಥ ಆಗ್ಲಿಲ್ಲ ಅಂದ್ರೆ ಕೈ ಎತ್ತು, ಸುಮ್ನೆ ತಲೆ ಆಡಿಸ್ಬೇಡ. ಪ್ರಾಕ್ಟಿಕಲ್ ರೆಕಾರ್ಡಿಗೆ ಆಯಾ ವಾರವೇ ಸಹಿ ಹಾಕಿಸ್ಕೋ, ಗುಡ್ಡೆ ಹಾಕ್ಬೇಡ. ಆಮೇಲೆ ಯಾರ ಬಟ್ಟೆ ಹೊಲಿಗೆ ಸೊಟ್ಟ ಇದೆ ಅಂತ ಕ್ಲಾಸಲ್ಲಿ ಹೇಳೋಕೆ ಹೋಗ್ಬೇಡ."

ಆ ಕೊನೆಯದೇ ನನಗೆ ಕಷ್ಟವಾಯಿತು. ನನ್ನ ಮುಂದಿನ ಬೆಂಚಿನ ಹುಡುಗಿಯ ಕಾಲರು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಮೂರು ವಾರ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಈ ವಯಸ್ಸಿನಲ್ಲಿ ಸಸ್ಯಶಾಸ್ತ್ರ ಯಾಕೆ ಎಂದು ಎಲ್ಲರೂ ಕೇಳಿದರು. ಇಪ್ಪತ್ತೆರಡು ವರ್ಷ ನಾನು ಮಂದಿಯ ಬಟ್ಟೆಯ ಮೇಲೆ ದಾರದಲ್ಲಿ ಹೂ ಬಿಡಿಸಿದ್ದೇನೆ. ಐದು ಎಸಳು, ಎರಡು ಎಲೆ, ಒಂದು ದಂಟು. ಒಮ್ಮೆ ಗೌನು ಹೊಲಿಸಲು ಬಂದಿದ್ದ ಒಂದು ಪುಟ್ಟ ಮಗು ಆ ದಂಟಿನ ಮೇಲೆ ಬೆರಳಿಟ್ಟು, "ಇದರ ಒಳಗೆ ಏನಿರುತ್ತೆ?" ಎಂದು ಕೇಳಿತು. "ಹಸಿರು ಇರುತ್ತೆ," ಅಂದೆ. ಮಗು ಒಪ್ಪಿಕೊಂಡಿತು, ನಾನು ಒಪ್ಪಿಕೊಳ್ಳಲಿಲ್ಲ. ಆಮೇಲೆ ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿದೆ, ಪಾಸಾದೆ, ಇಲ್ಲಿಗೆ ಬಂದೆ.

ಬಂದವಳಿಗೆ ಕಬ್ಬಿಣದ ಕಡಲೆಯಾದದ್ದು ಪಾಠವಲ್ಲ, ಪ್ರಾಕ್ಟಿಕಲ್. ಗಿಡದ ದಂಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಬ್ಲೇಡಿನಿಂದ ಅಡ್ಡಲಾಗಿ ತೆಳ್ಳಗೆ ಬಿಲ್ಲೆ ಕತ್ತರಿಸಬೇಕು. ಅದಕ್ಕೆ ಬಣ್ಣ ಹಚ್ಚಿ, ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಿ, ಕಂಡದ್ದನ್ನು ರೆಕಾರ್ಡಿನಲ್ಲಿ ಬರೆಯಬೇಕು. ಹದಿನೆಂಟರ ಮಕ್ಕಳೆಲ್ಲ ಬೆರಳು ಕೊಯ್ದುಕೊಂಡಾದರೂ ಏನೋ ಒಂದು ಕಂಡರು. ಕತ್ತರಿ ಹಿಡಿದೇ ಕೂದಲು ಹಣ್ಣು ಮಾಡಿಕೊಂಡ ನನಗೆ ಕಂಡದ್ದು ಬರೀ ಕತ್ತಲೆ. ಬಿಲ್ಲೆ ದಪ್ಪವಾದರೆ ಬೆಳಕು ದಾಟುವುದಿಲ್ಲ. "ಇನ್ನೂ ತೆಳ್ಳಗೆ, ಇನ್ನೂ ತೆಳ್ಳಗೆ," ಎಂದು ಮೇಡಂ ಪ್ರತಿ ಸಲ ಹೇಳುತ್ತಿದ್ದರು. ನಾನು ಕೈ ಎತ್ತುವ ಬದಲು ತಲೆ ಆಡಿಸುತ್ತಿದ್ದೆ. ನಾಲ್ಕು ವಾರವಾಯಿತು, ರೆಕಾರ್ಡಿನ ನಾಲ್ಕು ಹಾಳೆಯೂ ಖಾಲಿ. ಆ ಹಾಳೆಗಳಿಗೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಮಗಳು ಇದನ್ನೆಲ್ಲ ನೋಡುತ್ತಲೇ ಇದ್ದಳು. ಒಂದು ಬೆಳಗ್ಗೆ ನನ್ನ ಹೊಲಿಗೆ ಮಷಿನ್ನಿನ ಪಕ್ಕ ಬಂದು ಕೂತಳು. "ಅಮ್ಮ, ಐದಕ್ಕೆ ಎದ್ದು ಮಷಿನ್ ತುಳೀತೀಯ, ಸಂಜೆ ಬಂದು ಮತ್ತೆ ತುಳೀತೀಯ. ಮುಖ ಎಷ್ಟು ಇಳಿದುಹೋಗಿದೆ ನೋಡ್ಕೊಂಡಿದ್ದೀಯಾ? ಸೀಟು ಬಿಡೋಕೆ ಶುಕ್ರವಾರ ಕೊನೆ ದಿನ. ಆಮೇಲಾದ್ರೆ ಮಾರ್ಕ್ಸ್ ಕಾರ್ಡು ವರ್ಷಪೂರ್ತಿ ಅವರ ಹತ್ರವೇ ಇರುತ್ತೆ. ಕಾಲೇಜು ನೋಡಿದ್ದಾಯ್ತು, ಆಸೆ ತೀರ್ತು ಅಂದ್ಕೋ."

ಪ್ರೀತಿಯಿಂದ ಹೇಳಿದ್ದಳು, ಅದಕ್ಕೇ ನನಗೆ ಸಿಟ್ಟು ಬರಲಿಲ್ಲ. ಇಲ್ಲದಿದ್ದರೆ ನನಗೆ ಮೂಗಿನ ತುದಿಯಲ್ಲೇ ಕೋಪ. "ಆಯ್ತು," ಅಂದೆ. ಅಂದ ಮೇಲೆ ಮಷಿನ್ನಿನ ಸೂಜಿಗೆ ದಾರ ಪೋಣಿಸಲು ಮೂರು ಸಲ ಪ್ರಯತ್ನ ಪಟ್ಟೆ.

ಶುಕ್ರವಾರ ಮಧ್ಯಾಹ್ನ ಅವಳು ಆಫೀಸಿನ ಕೌಂಟರಿನ ಸಾಲಿನಲ್ಲಿ ನಿಂತಳು. ಕೌಂಟರು ನಾಲ್ಕಕ್ಕೆ ಮುಚ್ಚುತ್ತದೆ. ಲ್ಯಾಬಿನ ಸಾಮಾನೇನೂ ನನ್ನ ಬಳಿ ಬಾಕಿ ಇಲ್ಲ ಎಂದು ಮೇಡಂ ಸಹಿ ಹಾಕಿದ ಚೀಟಿಯನ್ನು ನಾನು ತಂದುಕೊಡಬೇಕಿತ್ತು. ಲ್ಯಾಬಿಗೆ ವಾಪಸು ಕೊಡಬೇಕಾದ ಸೂಜಿ, ಕುಂಚಗಳ ಡಬ್ಬಿ ಹಿಡಿದು ಎರಡೂವರೆಗೆ ಮೇಲಿನ ಮಹಡಿಗೆ ಹೋದೆ. ಮೇಡಂ ಪಾಠಕ್ಕೆ ಹೋಗಿದ್ದರು. ಲ್ಯಾಬಿನಲ್ಲಿ ಸ್ಲೈಡಣ್ಣ ಒಬ್ಬರೇ ಗಾಜು ಒರೆಸುತ್ತಿದ್ದರು.

ಸ್ಲೈಡಣ್ಣ ಎಂದರೆ ಅಲ್ಲಿನ ಅಟೆಂಡರ್. ಮೂವತ್ತು ವರ್ಷದಿಂದ ಗಾಜಿನ ಸ್ಲೈಡು ತೊಳೆದು ತೊಳೆದು ಅಸಲು ಹೆಸರು ಅವರಿಗೇ ಮರೆತಿದೆ ಎಂದು ಮಕ್ಕಳು ತಮಾಷೆ ಮಾಡುತ್ತಾರೆ. ನನ್ನ ಡಬ್ಬಿ ನೋಡಿದರು, ವಿಷಯ ಕೇಳಿದರು, "ಹೋಗಬೇಡಿ" ಎನ್ನಲಿಲ್ಲ. "ಮೇಡಂ ಬರೋಕೆ ಇನ್ನೂ ಒಂದು ಗಂಟೆ ಇದೆ. ಸುಮ್ನೆ ಕೂತು ಏನ್ ಮಾಡ್ತೀರ? ಬೆಳಗಿನ ಬ್ಯಾಚಿನ ಸೂರ್ಯಕಾಂತಿ ದಂಟು ಮಿಕ್ಕಿದೆ, ಕತ್ತರಿಸ್ತಿರಿ," ಎಂದು ನೀರಿನ ಬಟ್ಟಲು ತಳ್ಳಿದರು.

ಹೋಗುವವಳಿಗೆ ಏನು ಭಯ? ಕತ್ತರಿಸಿದೆ. ಅವರು ಎದುರಿಗೆ ಕೂತು ನೋಡಿದರು. ಮೇಡಂ ಯಾವಾಗಲೂ ಬಿಲ್ಲೆಯನ್ನು ನೋಡುತ್ತಿದ್ದರು, ಇವರು ನನ್ನ ಕೈಯನ್ನು ನೋಡುತ್ತಿದ್ದರು.

"ಕೈ ಒಂಚೂರೂ ನಡುಗಲ್ಲ ನಿಮ್ಮದು," ಅಂದರು. "ಆದ್ರೆ ಬ್ಲೇಡು ಇಡೋ ಮುಂಚೆ ಪ್ರತಿ ಸಲ ಸ್ವಲ್ಪ ಒಳಗೆ ಸರೀತೀರಲ್ಲ, ಯಾಕೆ?"

"ಎಲ್ಲಿ ಸರೀತೀನಿ?"

"ಇನ್ನೊಂದು ಕತ್ತರಿಸಿ. ಹಾಂ, ನೋಡಿ, ಈಗ ಸರಿದ್ರಿ."

ನಿಜ. ಬ್ಲೇಡು ಅಂಚಿಗೆ ಬಂದೊಡನೆ ನನ್ನ ಬೆರಳು ತಾನಾಗಿಯೇ ಒಂದು ಕೂದಲೆಳೆ ಒಳಗೆ ಜಾರುತ್ತಿತ್ತು, ಬಿಲ್ಲೆ ಅಷ್ಟು ದಪ್ಪವಾಗುತ್ತಿತ್ತು. ಇಪ್ಪತ್ತೆರಡು ವರ್ಷ ಯಾವ ಬಟ್ಟೆಯನ್ನೂ ನಾನು ಗೆರೆಯ ಮೇಲೆ ಕತ್ತರಿಸಿದವಳಲ್ಲ, ಒಂದು ಬೆರಳಗಲ ಬಿಟ್ಟೇ ಕತ್ತರಿಸಿದವಳು. ನನಗೆ ಕೆಲಸ ಕಲಿಸಿದಾಕೆ ಮಾರ್ಜಿನ್ ಬಿಡದಿದ್ದರೆ ಬೆರಳ ಗಿಣ್ಣಿನ ಮೇಲೆ ಸ್ಕೇಲಿನಿಂದ ಬಡಿಯುತ್ತಿದ್ದಳು.

"ಮಾರ್ಜಿನ್ ಬಿಡ್ಬೇಕಲ್ಲ ಅಣ್ಣ," ಅಂದೆ. "ನಾಳೆ ಬಿಗಿಯಾದ್ರೆ ಬಿಚ್ಚಿ ಸಡಿಲ ಮಾಡೋಕೆ ಬಟ್ಟೆ ಬೇಡ್ವಾ?"

ಸ್ಲೈಡಣ್ಣ ನಗಲಿಲ್ಲ. ಬಟ್ಟಲಿನಲ್ಲಿದ್ದ ದಪ್ಪ ಬಿಲ್ಲೆಗಳನ್ನು ಒಂದು ಸಲ ನೋಡಿದರು. "ಅಮ್ಮಾ, ಇದನ್ನ ಯಾರೂ ತೊಟ್ಕೊಳ್ಳಲ್ಲ. ಮತ್ತೆ ಯಾರೂ ಬಿಚ್ಚಲ್ಲ. ಏನೂ ಉಳಿಸ್ಬೇಡಿ," ಅಂದರು.

ಒಂದು ತಿಂಗಳಿನಿಂದ ಕೇಳಿದ ಬುದ್ಧಿಮಾತುಗಳಲ್ಲಿ ನನ್ನ ಕೈಗೆ ಅರ್ಥವಾದದ್ದು ಇದೊಂದೇ. ಬ್ಲೇಡನ್ನು ನೀರಿಗೆ ಅದ್ದಿದೆ. ಒಳಗೆ ಸರಿಯಲು ಹೊರಟ ಬೆರಳನ್ನು ತಡೆದು ಹಿಡಿದೆ. ತಪ್ಪು ಮಾಡುತ್ತಿದ್ದೇನೆ, ಬಟ್ಟೆ ಹಾಳು ಮಾಡುತ್ತಿದ್ದೇನೆ ಎಂದು ಮೈ ಜುಮ್ಮೆಂದಿತು. ಆದರೂ ಎಳೆದೆ. ಬ್ಲೇಡಿನ ಮೇಲೆ ಏನೂ ಕಾಣಲಿಲ್ಲ.

"ಹೋಯ್ತು," ಅಂದೆ.

"ಹೋಗಿಲ್ಲ," ಎಂದು ಸ್ಲೈಡಣ್ಣ ಬ್ಲೇಡನ್ನು ಬಟ್ಟಲಿಗೆ ಅದ್ದಿದರು. ನೀರಿನಲ್ಲಿ ಏನೋ ಒಂದು, ಇದೆಯೋ ಇಲ್ಲವೋ ಎನ್ನುವಂತೆ, ತೇಲಿತು. ಅದನ್ನು ಕುಂಚದ ತುದಿಯಿಂದ ನಾನೇ ಎತ್ತಿದೆ. ಕೆಂಪು ಬಣ್ಣದಲ್ಲಿ ಅದ್ದಿ, ತೊಳೆದು, ಗಾಜಿನ ಮೇಲೆ ಒಂದು ಹನಿ ಗ್ಲಿಸರಿನ್‌ನಲ್ಲಿ ಮಲಗಿಸಿ, ಮೇಲೊಂದು ತೆಳುಗಾಜು ಮುಚ್ಚಿದೆ. ಅವರು ಮೈಕ್ರೋಸ್ಕೋಪಿನ ಕನ್ನಡಿ ತಿರುಗಿಸಿ ಕಿಟಕಿಯ ಬೆಳಕು ಹಿಡಿದರು. ನಾನು ಕಣ್ಣಿಟ್ಟೆ.

ಮೊದಲು ಬರೀ ಬೆಳಕು. ಗುಂಡಿ ತಿರುಗಿಸಿದೆ, ಬೆಳಕಿನೊಳಗಿಂದ ಒಂದು ಊರು ಮೇಲೆದ್ದು ಬಂತು.

ಹೇಗೆ ಹೇಳಲಿ? ನಡುವೆ ದೊಡ್ಡ ದೊಡ್ಡ ದುಂಡು ಕೋಣೆಗಳು, ನೀರಿನಷ್ಟು ತಿಳಿ. ಅವುಗಳ ಸುತ್ತ ಒಂದು ಬಳೆ. ಆ ಬಳೆಯ ಉದ್ದಕ್ಕೂ ಅಲ್ಲಲ್ಲಿ ಕೆಂಪು ಗೊಂಚಲುಗಳು, ಒಂದೊಂದು ಗೊಂಚಲಿನಲ್ಲೂ ಸಾಲುಸಾಲು ಕೊಳವೆ ಬಾಯಿಗಳು. ಹೊರಗೆ ಬಂದಂತೆ ಕೋಣೆಗಳು ಸಣ್ಣವಾಗುತ್ತಾ ಹೋಗಿ, ಅಂಚಿನಲ್ಲಿ ಒಂದೇ ಒಂದು ಸಾಲು, ಒತ್ತೊತ್ತಾಗಿ. ಆ ಅಂಚಿನ ಮೇಲೂ ಮಣಿ ಪೋಣಿಸಿದಂಥ ರೋಮಗಳು. ಸಾವಿರವೋ ಎರಡು ಸಾವಿರವೋ, ಒಂದು ಕೋಣೆಯೂ ಖಾಲಿ ಜಾಗ ಬಿಟ್ಟಿರಲಿಲ್ಲ, ಒಂದೂ ಇನ್ನೊಂದರ ಮೇಲೆ ಹತ್ತಿ ಕೂತಿರಲಿಲ್ಲ.

ನನ್ನ ಕಣ್ಣು ಅಭ್ಯಾಸಬಲದಿಂದ ಹೊಲಿಗೆ ಹುಡುಕಿತು. ಇಷ್ಟೆಲ್ಲ ತುಂಡು ಸೇರಿಸಿದ ಮೇಲೆ ಜೋಡಿಸಿದ ಗುರುತು ಎಲ್ಲಾದರೂ ಇರಲೇಬೇಕು. ಎಂಥ ಕೈಯಾದರೂ ಕಂಕುಳಲ್ಲೋ ಕುತ್ತಿಗೆಯಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ. ಅಂಚಿನಿಂದ ಅಂಚಿಗೆ ಹುಡುಕಿದೆ, ಇರಲಿಲ್ಲ. ಒಂದು ಕೋಣೆಯ ಗೋಡೆಯೇ ಪಕ್ಕದ ಕೋಣೆಗೂ ಗೋಡೆ. ಇದನ್ನು ಯಾರೂ ಜೋಡಿಸಿರಲಿಲ್ಲ, ಇದು ಹೀಗೇ ಬೆಳೆದಿತ್ತು. ಯಾರೂ ನೋಡುವವರಿಲ್ಲದ ಕಡೆ, ಬೆಳಗಿನ ಬ್ಯಾಚು ಬಿಸಾಕಿ ಹೋದ ದಂಟಿನ ಒಳಗೆ.

ನನಗೆ ಭಯವೇ ಆಯಿತು. ತೋಳಿನ ಕೂದಲು ಎದ್ದು ನಿಂತವು. ಇಷ್ಟು ವರ್ಷ ಎಂಥ ಜಾಗದಲ್ಲಿ ಏನೂ ತಿಳಿಯದೆ ಓಡಾಡಿಕೊಂಡಿದ್ದೆ! ಬಾಗಿಲ ಬಳಿಯ ಹುಲ್ಲು, ದಿನಾ ಹೆಚ್ಚುವ ಸೊಪ್ಪು, ಗೋಡೆ ಬಿರುಕಿನ ಸಸಿ, ಎಲ್ಲದರ ಒಳಗೂ ಈ ಊರು ಇತ್ತು. ನಾನು ಆ ಮಗುವಿಗೆ "ಹಸಿರು" ಎಂದಿದ್ದೆ. ಕಣ್ಣು ತುಂಬಿ ಎಲ್ಲ ಮಂಜಾಯಿತು, ಒರೆಸಿಕೊಂಡು ಮತ್ತೆ ನೋಡಿದೆ.

ಎಷ್ಟು ಹೊತ್ತು ಹಾಗೆ ಬಾಗಿದ್ದೆನೋ ತಿಳಿಯದು. "ಅಮ್ಮ!" ಎಂದು ಮಗಳು ಏದುಸಿರು ಬಿಡುತ್ತಾ ಬಂದಾಗ ಸೊಂಟ ಹಿಡಿದುಕೊಂಡಿತ್ತು.

"ಏನಮ್ಮ ಇದು? ನನ್ನ ಮುಂದೆ ಇನ್ನು ಇಬ್ಬರೇ ಇರೋದು. ಜಾಗ ಹಿಡಿಸಿ ಓಡಿ ಬಂದೆ. ಹತ್ತೇ ನಿಮಿಷ ಇದೆ, ಮೇಡಂ ಆಗಲೇ ಪಾಠ ಮುಗಿಸಿ ಸ್ಟಾಫ್ ರೂಮಲ್ಲಿ ಕೂತಿದ್ದಾರೆ, ಚೀಟಿ ಎಲ್ಲಿ?"

ಸ್ಟೂಲಿನಿಂದ ಎದ್ದು ಅವಳನ್ನು ಕೂರಿಸಿದೆ.

"ಅಮ್ಮ, ಟೈಮಿಲ್ಲ..." ಎನ್ನುತ್ತಲೇ ಅವಳು ಕಣ್ಣಿಟ್ಟಳು. ಗುಂಡಿಯ ಮೇಲಿದ್ದ ಅವಳ ಬೆರಳು ನಿಂತಿತು.

ನಾನು ಹಿಂದೆ ನಿಂತು ಅವಳ ಬೆನ್ನು ನೋಡುತ್ತಿದ್ದೆ. ಸ್ಲೈಡಣ್ಣ ಗಾಜು ಒರೆಸುವುದನ್ನು ಬಿಟ್ಟಿದ್ದರು. ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷವಿತ್ತು, ಆಮೇಲೆ ಮೂರು. ನನಗೂ ಕಾಣುತ್ತಿತ್ತು, ತಲೆ ಎತ್ತಿದ್ದರೆ ಅವಳಿಗೂ ಕಾಣುತ್ತಿತ್ತು.

"ಇದನ್ನ ನೀನು ಕತ್ತರಿಸಿದ್ದಾ?" ಎಂದು ತಲೆ ಎತ್ತದೆಯೇ ಕೇಳಿದಳು.

"ಹೂಂ."

"ಕೈಯಲ್ಲಿ?"

"ಮತ್ತೆ ಕಾಲಲ್ಲಾ?"

ಅವಳು ನಗಲಿಲ್ಲ. ಕಣ್ಣು ತೆಗೆದು ನನ್ನನ್ನು ನೋಡಿದಳು. ಹುಟ್ಟಿದಂದಿನಿಂದ ನೋಡುತ್ತಿರುವ ಮುಖವನ್ನು ಯಾರದೋ ಎನ್ನುವಂತೆ ನೋಡಿದಳು. ಮತ್ತೆ ಬಾಗಿದಳು.

ಮೇಡಂ ಬಂದಾಗ ನಾಲ್ಕು ದಾಟಿತ್ತು. ನನ್ನ ಮಗಳಿಗಿಂತ ಎಂಟೊಂಬತ್ತು ವರ್ಷ ದೊಡ್ಡವರಿರಬಹುದು. ಮಗಳನ್ನು ಪಕ್ಕಕ್ಕೆ ಸರಿಸಿ ನೋಡಿದರು, ಕನ್ನಡಿಯನ್ನು ಇನ್ನಷ್ಟು ತಿರುಗಿಸಿ ಮತ್ತೆ ನೋಡಿದರು.

"ಇಡೀ ಬಿಲ್ಲೆ ಬಂದಿದೆ. ಎಲ್ಲೂ ಹರಿದಿಲ್ಲ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಕೈಚೀಲದಿಂದ ಉಗುರುಬಣ್ಣದ ಬಾಟಲಿ ತೆಗೆದು ತೆಳುಗಾಜಿನ ಸುತ್ತ ಬಳಿದರು. "ಹೀಗೆ ಮಾಡಿದ್ರೆ ಕೆಲವು ತಿಂಗಳು ಇರುತ್ತೆ. ಎಲ್ಲಾ ಬ್ಯಾಚಿಗೂ ತೋರಿಸೋಣ."

ಒಂದು ಸಣ್ಣ ಬಿಳಿ ಚೀಟಿಯ ಮೇಲೆ 'ಸೂರ್ಯಕಾಂತಿ, ದಂಟು' ಎಂದು ಬರೆದು, ಪೆನ್ನು ಹಿಡಿದುಕೊಂಡೇ ಕೇಳಿದರು. "ಇದು ಯಾರದ್ದು? ರೋಲ್ ನಂಬರ್ ಹೇಳಿ."

ನಾನು ಬಾಯಿ ತೆರೆದೆ. ಇನ್ನೂ ನನಗೆ ಒಂದು ನಂಬರು ಇದೆಯೋ ಇಲ್ಲವೋ, ನಾನೇ ಹೇಳಿಕೊಳ್ಳಬಹುದೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಮಗಳು ಎದ್ದು ನಿಂತಿದ್ದಳು.

"ಅರವತ್ತೆರಡು, ಮೇಡಂ," ಅಂದಳು. "ನಮ್ಮಮ್ಮಂದು."