ಹದಿನೆಂಟನೆಯ ಕಂತು

ಮಾಚಪ್ಪ ಇಸ್ತ್ರಿ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ. ತೂಗಿದಷ್ಟೂ ಒಳಗಿನ ಇದ್ದಿಲು ಕೆಂಪಗೆ ಕಣ್ಣು ಬಿಡುತ್ತಿತ್ತು. ಪೆಟ್ಟಿಗೆಯ ಬದಿಯ ತೂತುಗಳಿಂದ ಒಂದೆರಡು ಕಿಡಿಗಳು ಹಾರಿ, ನೆಲ ಮುಟ್ಟುವ ಮೊದಲೇ ಕಪ್ಪಾಗುತ್ತಿದ್ದವು. ಆ ಊರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಈ ನೋಟ. ಉಳಿದದ್ದು ಆಮೇಲೆ ಒಂದೊಂದಾಗಿ ಬರುತ್ತದೆ, ಬೇಡವೆಂದರೂ.

ಅಲ್ಲಿಗೆ ನಾನು ಹೋದದ್ದು ಸಾಮಿಲ್ಲೊಂದರಲ್ಲಿ ದಿಮ್ಮಿಗಳ ಮೇಲೆ ಟಾರಿನಿಂದ ನಂಬರು ಬರೆಯುವ ಕೆಲಸಕ್ಕೆ. ಅದಕ್ಕೂ ಮೊದಲು ನಾಲ್ಕು ಊರುಗಳನ್ನೂ ನಾಲ್ಕು ಕೆಲಸಗಳನ್ನೂ ಬಿಟ್ಟಿದ್ದೆ. ಏಳನೆಯ ತರಗತಿಗೇ ಶಾಲೆಗೆ ಶರಣು ಹೊಡೆದವನಿಗೆ ಉಳಿದ ವಿದ್ಯೆಯನ್ನು ಕೊಟ್ಟದ್ದು ಸಂತೆಯಲ್ಲಿ ರಾಶಿ ಹಾಕಿ ಮಾರುವ ಹಳೆಯ ಪತ್ತೇದಾರಿ ಕಾದಂಬರಿಗಳು. ಅವುಗಳಲ್ಲಿ ಎಷ್ಟೋ ಪುಸ್ತಕಗಳಿಗೆ ಕೊನೆಯ ಹಾಳೆಗಳೇ ಇರುತ್ತಿರಲಿಲ್ಲ. ಕೊಲೆಗಾರ ಯಾರೆಂದು ನಾನೇ ತೀರ್ಮಾನಿಸಿ ಪುಸ್ತಕ ಮುಚ್ಚುತ್ತಿದ್ದೆ. ಹೀಗೆ, ಇಲ್ಲದ ಕೊನೆಯನ್ನು ಇದ್ದಂತೆ ಹೇಳುವುದು ನನಗೆ ಬಹಳ ಬೇಗ ಕೈಹತ್ತಿತು.

ಆ ದಿನಗಳಲ್ಲಿ ಊರಿಗೆ ವಿದ್ಯುತ್ತಿನ ಬರ. ಒಂದು ವಾರ ಸಂಜೆ ಮೇಲಿನ ಪೇಟೆಗೆ ಕರೆಂಟು, ಮರುವಾರ ಕೆಳಗಿನ ಪೇಟೆಗೆ. ಗುರುವಾರ ಸಂಜೆ ಟೀವಿಯಲ್ಲಿ ‘ನಿನ್ನೆಯ ಬಾಗಿಲು’ ಎಂಬ ಧಾರಾವಾಹಿ ಬರುತ್ತಿತ್ತು. ಹೀಗಾಗಿ ಬೆಸ ಸಂಖ್ಯೆಯ ಕಂತುಗಳೆಲ್ಲ ಕೆಳಗಿನ ಪೇಟೆಯ ಪಾಲಾದವು, ಸಮ ಸಂಖ್ಯೆಯವು ಮೇಲಿನ ಪೇಟೆಯ ಪಾಲಾದವು. ಕತೆಯ ಪೂರ್ತಿ ಎಳೆ ಊರಿನಲ್ಲಿ ಯಾರೊಬ್ಬರ ಬಳಿಯೂ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಎರಡು ಪೇಟೆಗಳು ಕೂಡುವ ತಿರುವಿನಲ್ಲಿದ್ದ ಮಾಚಪ್ಪನ ಇಸ್ತ್ರಿ ಅಂಗಡಿಯಲ್ಲಿ ಸೇರಿ, ಅವರವರು ಕಂಡದ್ದನ್ನು ಹೇಳಿ ತುಂಡುಗಳನ್ನು ಹೊಂದಿಸಿಕೊಳ್ಳುವುದು ನಮ್ಮ ವಾಡಿಕೆಯಾಗಿತ್ತು. ಮೇಲಿನ ಪೇಟೆಯಿಂದ ನಾನು ಮತ್ತು ಕಂಪೌಂಡರ್ ಶ್ರೀಪಾದರು; ಕೆಳಗಿನ ಪೇಟೆಯಿಂದ ಸೈಕಲ್ ಶಾಪಿನ ಇಮಾಮ್ ಸಾಬಿ ಮತ್ತು ಮಾಚಪ್ಪ.

ಧಾರಾವಾಹಿಯ ಕತೆ ಇಷ್ಟೆ. ಪ್ರೊಫೆಸರ್ ನಿರಂಜನನ ಹೆಂಡತಿ ಚಾರುಲತಾ ದೋಣಿ ಮುಳುಗಿ ಸತ್ತಿದ್ದಾಳೆ. ಅವನು ಕಾಲದೊಳಗೆ ಹಿಂದಕ್ಕೆ ಹೋಗುವ ಬಾಗಿಲೊಂದನ್ನು ಕಟ್ಟುತ್ತಾನೆ. ಆ ಬಾಗಿಲು ಮೂರೇ ಸಲ ತೆರೆಯುತ್ತದೆ. ಎರಡು ಸಲ ಹೋಗಿ ಸೋತು ಬಂದಿದ್ದಾನೆ.

“ಅಲ್ಲ ಕಣ್ರೀ, ಅವಳನ್ನ ಉಳಿಸಿಬಿಟ್ರೆ ಅವಳು ಸಾಯಲೇ ಇಲ್ಲ ಅಂತಾಯ್ತು. ಸಾಯದೇ ಇರೋಳಿಗೋಸ್ಕರ ಇವನು ಬಾಗಿಲು ಯಾಕೆ ಕಟ್ಟಿದ? ಬಾಗಿಲೇ ಕಟ್ಟಲಿಲ್ಲ ಅಂದ್ರೆ ಹಿಂದಕ್ಕೆ ಹೋಗಿದ್ದು ಹೇಗೆ?” ಎಂದು ಶ್ರೀಪಾದರು ಬೆರಳು ಮಡಚುತ್ತ ಕೇಳುತ್ತಿದ್ದರು.

“ನಿಮ್ಮ ಮಿಕ್ಸ್ಚರ್ ಕುಡಿದು ಹೋಗಿರ್ತಾನೆ ಬಿಡ್ರಿ. ಅದು ಕುಡಿದ್ರೆ ನಿನ್ನೆ ಯಾವ್ದು ನಾಳೆ ಯಾವ್ದು ಗೊತ್ತಾಗಲ್ಲ” ಎಂದು ಇಮಾಮ್ ಸಾಬಿ ನಗುತ್ತಿದ್ದ.

ಆಗಿಹೋದದ್ದನ್ನು ಬದಲಿಸಬಹುದು ಎಂಬುದು ನನ್ನ ಪಕ್ಷ. ಮನುಷ್ಯನಿಗೆ ಅಷ್ಟು ಛಲ ಬೇಕು, ವೇಳೆಯ ಅರಿವು ಬೇಕು ಎಂದು ಕಾದಂಬರಿಯ ಭಾಷೆಯಲ್ಲಿ ವಾದಿಸುತ್ತಿದ್ದೆ. ಒಂದು ಶುಕ್ರವಾರ ಮಾಚಪ್ಪ ಪೆಟ್ಟಿಗೆ ತೂಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

“ಸ್ವಾಮಿ, ಟೆರಿಕಾಟ್ ಪ್ಯಾಂಟಿಗೆ ಒಂದ್ಸಲ ತಪ್ಪು ಗೆರೆ ಬಿತ್ತು ಅಂತಿಟ್ಕಳ್ಳಿ. ನೀರು ಚಿಮುಕಿಸಿ ಹತ್ತು ಸಲ ಉಜ್ಜಿ. ಪಕ್ಕದಾಗೆ ಹೊಸ ಗೆರೆ ಕೂರ್ತದೆ. ಹಳೇದು ಹೋಗಲ್ಲ. ಬಿಸಿಲಿಗೆ ಹಿಡಿದ್ರೆ ಕಂಡೇ ಕಾಣ್ತದೆ. ಅವನು ಎಷ್ಟು ಸಲ ಹೋದ್ರೂ ಆಯಮ್ಮ ಉಳಿಯಲ್ಲ. ಅದು ಅವನ ಕೈಯಾಗೆ ಇರೋದೇ ಅಲ್ಲ.”

ಇಮಾಮ್ ಸಾಬಿ ತೊಡೆ ತಟ್ಟಿದ. “ಏನ್ ಕಾದಂಬರಪ್ಪಾ! ನಿನ್ ಮಾತಿಗೇ ಇಸ್ತ್ರಿ ಹಾಕ್ಬಿಟ್ನಲ್ಲೋ!” ಶ್ರೀಪಾದರೂ ನಕ್ಕರು. ನಾನೂ ನಕ್ಕೆ. ಆದರೆ ಅಕ್ಷರವನ್ನು ಕಷ್ಟಪಟ್ಟು ಸಂಪಾದಿಸಿದವನಿಗೆ ಅಕ್ಷರವಿಲ್ಲದವನೆದುರು ಸೋಲುವುದು ಎಷ್ಟು ಉರಿಯುತ್ತದೆ ಎಂಬುದನ್ನು ಅಂದು ಅರಿತೆ.

ಮಾಚಪ್ಪನಿಗೆ ಆ ವಾದ ಬರೀ ವಾದವಾಗಿರಲಿಲ್ಲ. ಅದು ನನಗೊಬ್ಬನಿಗೆ ಗೊತ್ತಿತ್ತು. ಅವನ ಹೆಂಡತಿ ಹಾಲಮ್ಮ ಹನ್ನೊಂದು ವರ್ಷಗಳ ಹಿಂದೆ ಚೊಚ್ಚಿಲ ಹೆರಿಗೆಯಲ್ಲಿ ತೀರಿಹೋಗಿದ್ದಳು. ಆಸ್ಪತ್ರೆಯ ಬಾಗಿಲಿನಲ್ಲೇ ಉಸಿರು ನಿಂತಿತ್ತು; ಮಗುವೂ ಉಳಿಯಲಿಲ್ಲ. ನರ್ಸಮ್ಮ, “ಕಾಲು ಗಂಟೆ ಮೊದಲು ತಂದಿದ್ರೆ ನೋಡಬಹುದಿತ್ತು” ಎಂದಿದ್ದಳಂತೆ. ನೋವು ಹೆಚ್ಚಾಯಿತೆಂದು ಹಾಲಮ್ಮ ಕೂಗಿದಾಗ ಮಾಚಪ್ಪನ ಕೈಯಲ್ಲಿ ವಕೀಲರೊಬ್ಬರ ಕರಿಯ ಕೋಟಿತ್ತು. ಮಧ್ಯಾಹ್ನದ ಕೋರ್ಟಿಗೆ ಬೇಕಾದ ಕೋಟು. ಒಂದು ತೋಳು ಮುಗಿದಿತ್ತು. ಇನ್ನೊಂದು ತೋಳನ್ನೂ ಕಾಲರನ್ನೂ ಮುಗಿಸಿ, ಮಡಚಿಟ್ಟು, ಆಮೇಲೆ ಜಟಕಾ ಕರೆಯಲು ಓಡಿದ್ದ. ಹಾಲಮ್ಮನ ತಾಯಿ ತಿಪ್ಪಮ್ಮ ಸಂಜೆ ಊರಿನಿಂದ ಬಂದು ಎದೆ ಬಡಿದುಕೊಂಡಾಗ ಅವನ ಬಾಯಿಂದ ಬಂದ ಮಾತು, “ಜಟಕಾ ಬುಡೇನಣ್ಣ ತಡ ಮಾಡ್ಬಿಟ್ಟ” ಎಂದು.

ಬೇರೆ ದಿಕ್ಕಿಲ್ಲದ ಅಳಿಯನ ಜೊತೆಗೇ ತಿಪ್ಪಮ್ಮ ಉಳಿದಳು. ಬಟ್ಟೆಗೆ ನೀರು ಚಿಮುಕಿಸಿ ಸುರುಳಿ ಮಾಡಿಕೊಡುತ್ತಿದ್ದಳು, ಅವನಿಗೆ ಮುದ್ದೆ ಬೇಯಿಸುತ್ತಿದ್ದಳು. ಬುಡೇನನ ಜಟಕಾ ಅಂಗಡಿಯ ಮುಂದೆ ಹಾದರೆ ಪ್ರತಿ ಸಲವೂ ಮುಖ ತಿರುಗಿಸಿ ಉಗುಳುತ್ತಿದ್ದಳು. ಯಾಕೆಂದು ತಿಳಿಯದ ಬುಡೇನ ಕುದುರೆಯನ್ನು ಸ್ವಲ್ಪ ಬೇಗ ಓಡಿಸಿಕೊಂಡು ಹೋಗುತ್ತಿದ್ದ. ಇದೆಲ್ಲವನ್ನೂ ಮಾಚಪ್ಪ ಒಂದು ಮಧ್ಯಾಹ್ನ, ಆಕೆ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಾಗ, ಪೆಟ್ಟಿಗೆ ತೂಗುತ್ತಲೇ ನನಗೆ ಹೇಳಿದ್ದ. ಕೆಂಡದ ಬೆಳಕು ಅವನ ಗದ್ದದ ಮೇಲೆ ಬಂದು ಹೋಗುತ್ತಿತ್ತು. “ಆ ಪ್ರೊಫೆಸರು ಮೂರನೇ ಸಲವೂ ಸೋತರೆ ನಂಗೆ ಒಸಿ ನಿದ್ದೆ ಬರ್ತದೆ ಸ್ವಾಮಿ” ಎಂದಿದ್ದ. ನಾನು ತಲೆದೂಗಿದ್ದೆ.

ಮೂರನೆಯ ಸಲ ಬಾಗಿಲು ತೆರೆದದ್ದು ಹದಿನೆಂಟನೆಯ ಕಂತಿನಲ್ಲಿ. ಆ ವಾರ ಕರೆಂಟು ನಮ್ಮ ಮೇಲಿನ ಪೇಟೆಗೆ. ನಿರಂಜನ ಈ ಸಲ ಕಾಲು ಗಂಟೆ ಮೊದಲೇ ಹೊಳೆಯ ದಂಡೆ ಸೇರಿದ, ಹೆಂಡತಿಯ ಕೈ ಹಿಡಿದು ದೋಣಿ ಹತ್ತದಂತೆ ತಡೆದ. ದೋಣಿ ಅವಳಿಲ್ಲದೆ ಹೊರಟಿತು. ಅವಳು ಅವನತ್ತ ತಿರುಗಿ ನಗುತ್ತ ಒಂದು ಹೆಜ್ಜೆ ಇಟ್ಟಳು, ಪಾಚಿಗಲ್ಲಿನ ಮೇಲೆ ಕಾಲು ಜಾರಿತು. ಹೊಳೆ ಅವಳನ್ನು ಅಲ್ಲೇ ತೆಗೆದುಕೊಂಡಿತು.

ಮಾಚಪ್ಪ ಗೆದ್ದಿದ್ದ.

ಮರುದಿನ ಬೆಳಿಗ್ಗೆ ಶ್ರೀಪಾದರು ಇರಲಿಲ್ಲ, ಯಾವುದೋ ಮದುವೆಗೆ ಹೋಗಿದ್ದರು. ಇಮಾಮ್ ಸಾಬಿ ಬೆಂಚಿನ ತುದಿಗೆ ಸರಿದು, “ಹೇಳಪ್ಪಾ ಕಾದಂಬರಪ್ಪ, ಸೋತ ಮುಖ ತೊಳ್ಕಂಡು ಬಂದ್ಯೋ ಇಲ್ವೋ?” ಎಂದ. ಆ ಮಾತು ನನಗೆ ಚುಚ್ಚಿತು. ಆಗ ಹಾಲಮ್ಮನ ವಿಷಯ ನೆನಪಿರಲಿಲ್ಲ ಎಂದು ನಾನು ಬಹಳ ಕಾಲ ನನಗೇ ಹೇಳಿಕೊಂಡು ಬಂದಿದ್ದೇನೆ. ನೆನಪಿತ್ತು. ನೆನಪಿದ್ದೇ ಹೇಳಿದೆ: “ಉಳಿಸಿದ. ಕಾಲು ಗಂಟೆ ಮೊದಲು ಹೋದ, ಅಷ್ಟೇ. ಕೈ ಹಿಡಿದ, ಅವಳು ದೋಣಿ ಹತ್ತಲಿಲ್ಲ. ಇಬ್ಬರೂ ಮನೆಗೆ ನಡೆದರು.”

ಮಾಚಪ್ಪನ ಕೈಯಲ್ಲಿ ಪೆಟ್ಟಿಗೆ ನಿಂತಿತು. “ಬರೀ ಕಾಲು ಗಂಟೆಯಾ?”

“ಬರೀ ಕಾಲು ಗಂಟೆ.”

ಭಾನುವಾರ ಶ್ರೀಪಾದರು ಬಂದರು. ನಾನು ಹೇಳಿದ್ದ ಕೊನೆಯನ್ನು ಕೇಳಿ ಅವರಿಗೆ ಅಚ್ಚರಿಯಾಯಿತು. “ಯಾರು ಹೇಳಿದ್ದು? ಅವಳು ಸತ್ತಳು. ಜಾರಿ ಬಿದ್ದಳು. ನಾನೇ ಕಣ್ಣಾರೆ ನೋಡಿದೀನಿ.”

ಮಾಚಪ್ಪ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದ. “ನೀವು ಹೇಳಿ ಸ್ವಾಮಿ. ನೀವು ಹೇಳಿದ್ದೇ ನಂಬ್ತೀನಿ.”

ಹಿಂದಕ್ಕೆ ಹೋಗುವ ಬಾಗಿಲೊಂದು ನನ್ನೆದುರು ಅಂದು ನಿಜವಾಗಿಯೂ ತೆರೆದಿತ್ತು. ಒಂದು ವಾಕ್ಯ ಸಾಕಾಗಿತ್ತು. ನಾನು ಅಂದದ್ದು ಬೇರೆ: “ಶ್ರೀಪಾದರೇ, ಕೊನೇ ಐದು ನಿಮಿಷ ತಾವು ಚೊಂಬು ಹಿಡಿದು ಹಿತ್ತಲಿಗೆ ಹೋಗಿದ್ದಿರಿ. ಜಾರಿದ್ದು ಅವಳಲ್ಲ, ನೀವು.” ಇಮಾಮ್ ಸಾಬಿ ಬೆಂಚಿನಿಂದ ಬೀಳುವಂತೆ ನಕ್ಕ. ಶ್ರೀಪಾದರು ಕೆಂಪಾಗಿ ಎದ್ದು ಹೋದರು. ನಗದವನು ಮಾಚಪ್ಪನೊಬ್ಬನೇ.

ಸೋಮವಾರ ಬೆಳಿಗ್ಗೆ ಸಾಮಿಲ್ಲಿಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ಹಾದೆ. ತಿಪ್ಪಮ್ಮ ಮೊರದಂತಹ ಅಗಲವಾದ ಕೈಯಿಂದ ಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು. ಮಾಚಪ್ಪ ಅವಳ ಮುಂದೆ ನೆಲದ ಮೇಲೆ ಕೂತಿದ್ದ.

“ಬುಡೇನಣ್ಣ ತಡ ಮಾಡ್ಲಿಲ್ಲ ಕಣವ್ವ. ಕರೆದ ತಕ್ಷಣ ಬಂದ. ನಾನೇ ತಡವಾಗಿ ಕರೆದೆ. ಕೈಯಾಗೆ ಕೋಟಿತ್ತು.”

ತಿಪ್ಪಮ್ಮನ ಕೈ ನೀರಿನ ತಟ್ಟೆಯಲ್ಲೇ ನಿಂತಿತು. ಕೇಳಿದಳು, “ಯಾರ ಕೋಟು?”

“ವಕೀಲರದು.”

“ಮುಗಿಸ್ದೆಯಾ?”

“ಮುಗಿಸ್ದೆ.”

ಅವಳು ಬೈಯಲಿಲ್ಲ, ಅಳಲಿಲ್ಲ. ಚಿಮುಕಿಸಿದ ಬಟ್ಟೆಯನ್ನು ಸುರುಳಿ ಸುತ್ತಿಟ್ಟಳು. ಒಳಗೆ ಹೋಗಿ ಎರಡು ಸೀರೆಗಳನ್ನು ಗಂಟು ಕಟ್ಟಿಕೊಂಡು ಬಂದಳು. ತಿರುವಿನಲ್ಲಿ ಬುಡೇನನ ಜಟಕಾ ನಿಂತಿತ್ತು. ಅವಳು ಬರುವುದನ್ನು ಕಂಡು ಅವನು ಲಗಾಮು ಎಳೆದು ಹೊರಡಲು ಅಣಿಯಾದ. ತಿಪ್ಪಮ್ಮ ಗಾಲಿಯ ಮೇಲೆ ಕೈಯಿಟ್ಟಳು. “ಬಸ್‌ಸ್ಟ್ಯಾಂಡಿಗೆ ಬಿಡಪ್ಪ” ಎಂದಳು. ಹನ್ನೊಂದು ವರ್ಷಗಳಲ್ಲಿ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ಗಾಡಿ ಹತ್ತಿ ಕೂತವಳು ಹಿಂದಿರುಗಿ ನೋಡಲಿಲ್ಲ. ಕಿರಿಯ ಮಗಳಿದ್ದ ಕಲ್ಲುಬಾವಿ ಎಂಬ ಹಳ್ಳಿಗೆ ಹೋದಳೆಂದು ಆಮೇಲೆ ತಿಳಿಯಿತು.

ಗುರುವಾರ ಕೆಳಗಿನ ಪೇಟೆಗೆ ಕರೆಂಟು ಬಂತು. ಹತ್ತೊಂಬತ್ತನೆಯ ಕಂತು ಚಾರುಲತಾಳ ಚಿತೆಯಿಂದಲೇ ಆರಂಭವಾಯಿತಂತೆ. ಶುಕ್ರವಾರ ಇಮಾಮ್ ಸಾಬಿ ನನ್ನನ್ನು ಕಂಡವನೇ, “ಥೂ, ಏನ್ ಮನುಷ್ಯನಯ್ಯಾ ನೀನು. ಒಂದು ಸೀರಿಯಲ್‌ಗೆ ಸುಳ್ಳು ಹೇಳ್ತಾರಾ?” ಎಂದ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಅಷ್ಟಕ್ಕೇ ಅವನು ಉಗುಳಿದ್ದ.

ನಾನು ಅಂಗಡಿಯೊಳಗೆ ಹೋದೆ. ಮಾಚಪ್ಪ ತಾನೇ ನೀರು ಚಿಮುಕಿಸಿಕೊಂಡು ತಾನೇ ಉಜ್ಜುತ್ತಿದ್ದ.

“ಮಾಚಣ್ಣ, ನಾನು ಹೇಳಿದ್ದು ಸುಳ್ಳು.”

“ಆಯಮ್ಮ ಹೋದ್ಲಾ ಹಂಗಾರೆ?”

“ಹೋದಳು.”

“ಅವನು ಮೊದಲೇ ಹೋಗಿದ್ದು?”

“ಅದು ನಿಜ. ಕಾಲು ಗಂಟೆ ಮೊದಲು.”

ಅವನು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಸಿಟ್ಟನ್ನು ನಿರೀಕ್ಷಿಸಿ ನಿಂತಿದ್ದ ನನಗೆ ಅವನ ಮುಖದಲ್ಲಿ ಕಂಡದ್ದು ಆಸೆ. ಅದನ್ನು ನೋಡುವುದು ಸಿಟ್ಟಿಗಿಂತ ಕಷ್ಟವಾಗಿತ್ತು.

“ಒಂದು ಕೆಲಸ ಮಾಡ್ತೀರಾ ಸ್ವಾಮಿ? ಕಲ್ಲುಬಾವಿಗೆ ಹೋಗಿ ಆ ಮುದುಕಿಗೆ ಹೇಳ್ತೀರಾ? ಸೀರಿಯಲ್ ಸುದ್ದಿ ಬೇಡ. ಮೊದಲೇ ಕರ್ಕೊಂಡೋಗಿದ್ರೂ ಹಾಲಮ್ಮ ಉಳೀತಿರಲಿಲ್ಲ, ಒಂದೊಂದ್ಸಲ ಹಂಗಾಗ್ತದೆ ಅಂತ. ನಾನ್ ಹೇಳಿದ್ರೆ ಇನ್ನು ನಂಬಲ್ಲ. ನೀವು ಓದಿದೋರು, ನಿಮ್ಮ ಮಾತು ನಡೀತದೆ. ಅವಳು ವಾಪಸ್ ಬರೋದು ಬ್ಯಾಡ. ನನ್ನ ಹೆಸರು ಹೇಳಿ ಉಗುಳದಿದ್ರೆ ಸಾಕು.”

ಹೋಗುತ್ತೇನೆ ಎಂದೆ. ಕೈ ಮುಟ್ಟಿ ಮಾತು ಕೊಟ್ಟೆ.

ಭಾನುವಾರ ಬೆಳಿಗ್ಗೆ ಸಾಮಿಲ್ಲಿನ ಕೆಲಸ ಬಿಟ್ಟು ಬಸ್ಸು ಹತ್ತಿದೆ. ಕಲ್ಲುಬಾವಿ ದಾರಿಯಲ್ಲೇ ಸಿಗುತ್ತಿತ್ತು. ಟಿಕೆಟನ್ನು ಮಾತ್ರ ಅದರಾಚೆಗೆ, ಬಸ್ಸಿನ ಕೊನೆಯ ಊರಿಗೆ ತೆಗೆದುಕೊಂಡಿದ್ದೆ. ದಾರಿಯುದ್ದಕ್ಕೂ ತರ್ಕ ಮಾಡಿದೆ: ಹಾಲಮ್ಮ ಉಳಿಯುತ್ತಿರಲಿಲ್ಲವೆಂದು ನನಗೇನು ಗೊತ್ತು? ಗೊತ್ತಿಲ್ಲದ್ದನ್ನು ಹೇಳಿದರೆ ಅದು ಮೂರನೆಯ ಸುಳ್ಳಾಗುವುದಿಲ್ಲವೇ? ಎರಡು ಸುಳ್ಳುಗಳನ್ನು ನನ್ನ ಮಾನಕ್ಕಾಗಿ ಅಳುಕಿಲ್ಲದೆ ಹೇಳಿದವನು, ಇನ್ನೊಬ್ಬನ ನೆಮ್ಮದಿಗೆ ಬೇಕಾದ ಒಂದನ್ನು ಹೇಳುವ ಹೊತ್ತಿಗೆ ಸತ್ಯವಂತನಾಗಿದ್ದೆ.

“ಕಲ್ಲುಬಾವಿ! ಯಾರ್ರೀ ಇಳಿಯೋರು ಕಲ್ಲುಬಾವಿ?” ಕಂಡಕ್ಟರು ಬಾಗಿಲು ತೆರೆದು ನಿಂತ. ಯಾರೂ ಏಳಲಿಲ್ಲ. ಅವನು ಸಾಲು ಸಾಲಾಗಿ ಎಲ್ಲರ ಮುಖ ನೋಡುತ್ತ ಬಂದು ನನ್ನ ಮುಂದೆ ನಿಂತ. “ನೀವೇನ್ರೀ ಯಜಮಾನ್ರೇ, ಅರ್ಧ ಎದ್ದಿದೀರಲ್ಲ?”

ನಿಜ, ನಾನು ಮುಂದಿನ ಸೀಟಿನ ಕಂಬಿ ಹಿಡಿದು ಅರ್ಧ ಎದ್ದಿದ್ದೆ. ಕಿಟಕಿಯಾಚೆ ಊರೊಳಗೆ ಹೋಗುವ ಕಾಲುದಾರಿ, ದಾರಿಯ ಬದಿಯ ಕತ್ತಾಳೆ ಬೇಲಿಯ ಮೇಲೆ ಆಗಷ್ಟೇ ಹಿಂಡಿ ಹರವಿದ ಎರಡು ಸೀರೆಗಳು. ಅವುಗಳ ಅಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

“ಇಲ್ಲಪ್ಪ, ಮುಂದೆ” ಎಂದು ಕೂತೆ.