ಹನ್ನೊಂದು ಸೀಸೆ ಎಣ್ಣೆ

ನನ್ನ ಹೆಂಡತಿ ಆ ಆಟದಲ್ಲಿ ಒಂಬತ್ತು ಸಲ ಸತ್ತ ಮೇಲೆ ನಾನು ಕನ್ನಡಕ ಹಾಕಿಕೊಂಡು ಅವಳ ಪಕ್ಕದಲ್ಲಿ ಕುಳಿತೆ.

ಆ ವಿಡಿಯೊ ಆಟವನ್ನು ಮನೆಗೆ ತಂದವಳು ಮೊಮ್ಮಗಳು ಗುಬ್ಬಿ. ಅಜ್ಜಿಯ ಶ್ವಾಸಕೋಶ ಸೋತು ಆಗ ಒಂದು ವರ್ಷವಾಗಿತ್ತು. ಗೋಡೆಯ ಬಳಿಯ ಯಂತ್ರದಿಂದ ಹೊರಟ ಕೊಳವೆ ಅವಳ ಮೂಗಿಗೆ ಆಮ್ಲಜನಕ ತಲುಪಿಸುತ್ತಿತ್ತು. ಕೊಳವೆಯ ಉದ್ದ ಐದು ಮೀಟರ್. ಅವಳ ಓಡಾಟವೂ ಅಷ್ಟೇ. ಅವಳ ಅಕ್ಕ ಊರಿನ ಇನ್ನೊಂದು ತುದಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದರು. ವಯಸ್ಸು ಎಂಬತ್ತೊಂದು, ಮಂಡಿ ಎರಡೂ ಹೋಗಿದ್ದವು. ಅವರು ಇಳಿಯುವಂತಿಲ್ಲ, ಇವಳು ಹತ್ತುವಂತಿಲ್ಲ. ಅಕ್ಕನ ಮನೆಗೆ ಕರೆದುಕೊಂಡು ಹೋಗಿ ಎಂದು ಇವಳು ವಾರಕ್ಕೊಮ್ಮೆ ಕೇಳುತ್ತಿದ್ದಳು, ನಾನು ವಾರಕ್ಕೊಮ್ಮೆ ಬೇಡವೆನ್ನುತ್ತಿದ್ದೆ.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು," ಎಂದರೆ, "ಇದ್ದಷ್ಟಾದ್ರೂ ಚಾಚೋಕೆ ಬಿಡ್ರೀ," ಎನ್ನುತ್ತಿದ್ದಳು.

ಆಟ ಹೀಗೆ. ಪಾಳುಬಿದ್ದ ಆಸ್ಪತ್ರೆಯ ಮೇಲಂತಸ್ತಿನಿಂದ ಒಬ್ಬ ದಾದಿ ಕೆಳಗಿನ ಗೇಟಿನವರೆಗೆ ಬರಬೇಕು. ಕೈಯಲ್ಲೊಂದು ಲಾಟೀನು, ಚೀಲದಲ್ಲಿ ಸೀಮೆಎಣ್ಣೆಯ ಸೀಸೆ, ಬ್ಯಾಂಡೇಜು. ದೀಪ ಆರಿದರೆ ಮುಖವಿಲ್ಲದವನೊಬ್ಬ ಬರುತ್ತಾನೆ. ಕೆಲವು ಕೋಣೆಗಳಲ್ಲಿ ಒಂದು ಕುರ್ಚಿ ಇರುತ್ತದೆ. ಅದರ ಮೇಲೆ ಕುಳಿತಷ್ಟು ಹೊತ್ತು ಅವನು ಮುಟ್ಟುವುದಿಲ್ಲ. ನನ್ನ ಹೆಂಡತಿ ಗೋಡೆಯ ಮೇಲಿನ ಪಟಗಳನ್ನು ನೋಡುವುದಕ್ಕೂ ದೀಪ ದೊಡ್ಡದು ಮಾಡುತ್ತಿದ್ದಳು. ಎರಡನೆಯ ಅಂತಸ್ತಿಗೆ ಬರುವಷ್ಟರಲ್ಲಿ ಎಣ್ಣೆ ಮುಗಿಯುತ್ತಿತ್ತು.

ನಾನು ಮೂವತ್ತನಾಲ್ಕು ವರ್ಷ ಗಿರಣಿಯೊಂದರ ಉಗ್ರಾಣ ನೋಡಿಕೊಂಡವನು. ನನ್ನ ಕಾಲದಲ್ಲಿ ಅಲ್ಲಿ ಯಾವ ಸಾಮಾನೂ ‘ಇಲ್ಲ’ ಎನಿಸಿಕೊಂಡಿಲ್ಲ. ಕಾಗದ ತೆಗೆದು ನಿಯಮ ಬರೆದುಕೊಟ್ಟೆ. ಒಮ್ಮೆ ನಡೆದ ದಾರಿಯಲ್ಲಿ ದೀಪ ಸಣ್ಣದಿರಲಿ, ಹೆಜ್ಜೆ ಎಣಿಸು. ಅರ್ಧಕ್ಕಿಂತ ಹೆಚ್ಚು ಜೀವ ಇರುವಾಗ ಬ್ಯಾಂಡೇಜು ಮುಟ್ಟಬೇಡ. ಕುರ್ಚಿ ಕಂಡರೆ ಕುಳಿತೇ ಮುಂದೆ ಹೋಗು. ಒಳಗೆ ಹೋಗುವ ಮೊದಲು ಹೊರಗೆ ಬರುವ ದಾರಿ ನೋಡಿಕೋ.

"ಅಜ್ಜ, ಇದು ಭೂತದ ಆಟಾನೋ ಪರೀಕ್ಷೇನೋ?" ಎಂದಳು ಗುಬ್ಬಿ.

"ಭೂತಕ್ಕಿಂತ ನಿಮ್ಮಜ್ಜನಿಗೇ ನಾನು ಜಾಸ್ತಿ ಹೆದರೋದು ಕಣೇ," ಎಂದಳು ಇವಳು.

ಆದರೆ ನಿಯಮ ಕೆಲಸ ಮಾಡಿತು. ಮೂರು ದಿನ ದಾದಿ ಸಾಯಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಕೊನೆಯ ಅಂತಸ್ತಿನ ಅಡುಗೆಕೋಣೆಗೆ ಬಂದಳು. ಗೇಟು ಕಿಟಕಿಯಿಂದ ಕಾಣುತ್ತಿತ್ತು. ಲಾಟೀನು ಮಂಕಾಯಿತು.

"ಎಣ್ಣೆ ಹಾಕ್ಲಾ?"

"ಇರಲಿ. ಮುಂದೆ ಬೇಕಾಗುತ್ತೆ."

"ಈಗ?"

"ಇನ್ನೂ ಸ್ವಲ್ಪ ಉರಿಯುತ್ತೆ, ತಡಿ."

ದೀಪ ಆರಿತು. ಹತ್ತನೆಯ ಸಲ ಸತ್ತಳು. ಚೀಲದಲ್ಲಿ ಉಳಿದದ್ದನ್ನು ಪರದೆ ತೋರಿಸಿತು: ಬ್ಯಾಂಡೇಜು ಆರು, ಎಣ್ಣೆ ಹನ್ನೊಂದು ಸೀಸೆ.

"ಸತ್ತೋರ ಚೀಲದಲ್ಲಿ ಹನ್ನೊಂದು ಸೀಸೆ," ಎಂದಳು ಗುಬ್ಬಿ. "ಯಾರಿಗೆ ಇಟ್ಟಿದ್ರಿ ಅಜ್ಜ?"

ನನ್ನ ಹೆಂಡತಿ ನಗಲಿಲ್ಲ. ಅವಳು ಮೂಲೆಯತ್ತ ನೋಡುತ್ತಿದ್ದಳು. ಅಲ್ಲಿ ಹಳೆಯ ದಿಂಬಿನ ಚೀಲ ಹೊದ್ದುಕೊಂಡು ಚಿಕ್ಕ ಆಮ್ಲಜನಕದ ಸಿಲಿಂಡರ್ ನಿಂತಿತ್ತು. ಕರೆಂಟ್ ಹೋದರೆ ಬೇಕೆಂದು ನಾನೇ ತಂದಿಟ್ಟದ್ದು. ವರ್ಷದಲ್ಲಿ ಎರಡು ಸಲ ಕರೆಂಟ್ ಹೋಗಿತ್ತು. ಎರಡು ಸಲವೂ ನಾನು ಹೊದಿಕೆ ಬಿಚ್ಚುವಷ್ಟರಲ್ಲಿ ಬಂದಿತ್ತು. ತುಂಬಿಸುವ ಅಂಗಡಿ ಎರಡು ಬೀದಿಯಾಚೆ ಇದೆ. ಹಾಗಿದ್ದೂ ನಾನು ಅದರ ತಿರುಪು ಸಡಿಲಿಸಿರಲಿಲ್ಲ.

ನಿವೃತ್ತನಾದ ದಿನ ಉಗ್ರಾಣದ ಹಿಂದಿನ ಕಪಾಟಿನಲ್ಲಿ ಏಳು ಡಬ್ಬಿ ರಬ್ಬರ್ ವಾಷರ್ ಸಿಕ್ಕಿದ್ದವು. ತುರ್ತಿಗೆಂದು ನಾನೇ ಎತ್ತಿಟ್ಟವು. ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನಂತೆ ಮುರಿದವು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಮಧ್ಯಾಹ್ನ ಹೇಳಿದೆ.

ಅವಳು ಅದನ್ನು ಕೇಳಿ, "ಅಕ್ಕನ ಮನೆಗೆ ಎಷ್ಟು ಮೆಟ್ಟಿಲು, ಗೊತ್ತೇನ್ರೀ ನಿಮಗೆ?" ಎಂದಳು.

"ಎಪ್ಪತ್ತೆರಡು."

"ಎಣಿಸಿದ್ರಾ?"

"ಹೋದಾಗಲೆಲ್ಲ."

ಡಾಕ್ಟರಿಗೆ ಫೋನ್ ಮಾಡಿದೆ. ನಿಧಾನವಾಗಿ ಹತ್ತಿಸುವುದಾದರೆ ಅಡ್ಡಿಯಿಲ್ಲ ಎಂದರು. ಇದನ್ನು ಆರು ತಿಂಗಳ ಹಿಂದೆಯೇ ಕೇಳಬಹುದಿತ್ತಲ್ಲ ಎಂದೂ ಸೇರಿಸಿದರು. ಲೆಕ್ಕ ಹಾಕಿದೆ. ಸಿಲಿಂಡರ್ ನೂರೈವತ್ತು ನಿಮಿಷ ಬರುತ್ತದೆ. ಟ್ಯಾಕ್ಸಿಯಲ್ಲಿ ಹೋಗಲು ಇಪ್ಪತ್ತು, ಬರಲು ಇಪ್ಪತ್ತು. ಹತ್ತಲು ಇಪ್ಪತ್ತೈದು, ಇಳಿಯಲು ಹತ್ತು. ಮೀಸಲು ಐವತ್ತು. ಅಕ್ಕತಂಗಿಯರಿಗೆ ಉಳಿದದ್ದು ಇಪ್ಪತ್ತೈದು ನಿಮಿಷ.

ಭಾನುವಾರ ಬೆಳಿಗ್ಗೆ ಹೊರಟೆವು. ಗುಬ್ಬಿ ಮಡಿಸುವ ಕುರ್ಚಿಯೊಂದನ್ನು ಹೊತ್ತು ಮುಂದೆ ಓಡಿ ಪ್ರತಿ ಮಹಡಿಯಲ್ಲೂ ಹಾಕುತ್ತಿದ್ದಳು. ನಾನು ಸಿಲಿಂಡರ್ ಹಿಡಿದು ಹಿಂದೆ ಬರುತ್ತಿದ್ದೆ. ಹದಿನೆಂಟು ಮೆಟ್ಟಿಲಿಗೊಮ್ಮೆ ಇವಳು ಕುಳಿತಳು.

"ಕೂತ್ಕೊ ಅಜ್ಜಿ. ಇಲ್ಲಿ ಯಾರೂ ಮುಟ್ಟಲ್ಲ."

"ಮುಖ ಇಲ್ಲದವನು ಹಿಂದೆ ಬರ್ತಿದಾನಾ ನೋಡು."

"ಬರ್ತಿದಾರೆ. ಮುಖ ಇದೆ, ಆದ್ರೆ ಗಂಟು ಹಾಕ್ಕೊಂಡಿದಾರೆ."

ಮೇಲೆ ಬಾಗಿಲು ತೆರೆದೇ ಇತ್ತು. ಅಕ್ಕ ಮಂಚದ ಮೇಲಿದ್ದರು. ತಂಗಿಯನ್ನು ನೋಡಿ, "ಇಷ್ಟು ಬೇಗ ಬಂದ್ಯಾ?" ಎಂದರು. ಆಮೇಲೆ ಚಿಕ್ಕಂದಿನ ಬಾಚಣಿಗೆಯೊಂದನ್ನು ಯಾರು ಕಳೆದದ್ದು ಎಂದು ಇಬ್ಬರೂ ಎಂಟು ನಿಮಿಷ ಜಗಳವಾಡಿದರು. ಆಮೇಲೆ ಜಗಳವೂ ನಿಂತಿತು. ಅಕ್ಕ ತಂಗಿಯ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕುಳಿತರು. ಹನ್ನೊಂದು ನಿಮಿಷ ಯಾರೂ ಮಾತಾಡಲಿಲ್ಲ. ಅದನ್ನು ನಾನು ನಷ್ಟವೆಂದು ಎಣಿಸಲಿಲ್ಲ.

ಇಪ್ಪತ್ತೈದು ನಿಮಿಷ ತುಂಬಿದಾಗ ಇವಳೇ ನನ್ನತ್ತ ನೋಡಿದಳು.

"ಟೈಮ್ ಆಯ್ತಾ?"

ಸಿಲಿಂಡರಿನ ಮುಳ್ಳು ನೋಡಿದೆ. ಲೆಕ್ಕದ ಪ್ರಕಾರ ಆಗಿತ್ತು. ಮೀಸಲನ್ನು ಐವತ್ತರಿಂದ ಮೂವತ್ತಕ್ಕೆ ಇಳಿಸಿದೆ. ಉದ್ಯೋಗದಲ್ಲಿದ್ದಾಗ ಹೀಗೆ ಎಂದೂ ಮಾಡಿದವನಲ್ಲ.

"ಇನ್ನೂ ಇಪ್ಪತ್ತು ನಿಮಿಷ ಇದೆ," ಎಂದೆ.

ಗುಬ್ಬಿ ಕಿವಿಯ ಬಳಿ ಬಂದು, "ಅಜ್ಜ, ಲೆಕ್ಕ ತಪ್ಪಿದ್ರಿ," ಎಂದಳು.

"ತಪ್ಪಿಲ್ಲ. ತಿದ್ದಿದೀನಿ. ಹೋಗಿ ಕುರ್ಚಿ ಹಾಕು."

ಮನೆ ಮುಟ್ಟಿದಾಗ ಮೂವತ್ತನಾಲ್ಕು ನಿಮಿಷ ಉಳಿದಿತ್ತು. ಇವಳು ಮಲಗಿ, ಒಂದು ಗಂಟೆ ನಿದ್ದೆ ಮಾಡಿದಳು. ಮರುದಿನ ಬೆಳಿಗ್ಗೆ ಸಿಲಿಂಡರನ್ನು ತುಂಬಿಸಲು ಕೊಂಡೊಯ್ದೆ. ಅಂಗಡಿಯವನು ಅದನ್ನು ತಿರುಗಿಸಿ ನೋಡಿದ.

"ಹೊಸದಾ ಯಜಮಾನ್ರೇ?"

"ಅಲ್ಲ. ಇಟ್ಟಿದ್ದೆ," ಎಂದೆ. "ಮುಂದಿನ ಭಾನುವಾರಕ್ಕೆ ಬೇಕು. ಶನಿವಾರವೇ ಕೊಡಿ."