ಒಂಟಿ ಕೂಗು

ಹೊತ್ತು ಮುಳುಗುವಾಗ ಯಾರಾದರೂ ಒಂದೇ ಸಲ ಹೆಸರು ಹಿಡಿದು ಕರೆದರೆ ಓಗೊಡಬಾರದು ಎಂದು ತಿಮ್ಮಮ್ಮನಿಗೆ ಅವಳ ಅವ್ವ ಕಲಿಸಿದ್ದಳು. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ. ಅದು ಒಂದೇ ಸಲ ಕೂಗುತ್ತದೆ, ಅದೂ ನಮಗೆ ಬೇಕಾದವರ ದನಿಯಲ್ಲಿ. ಓ ಅಂದವರು ಅದರ ಹಿಂದೆ ಹೊರಟ ಹಾಗೆಯೇ. ಅದು ಅಂದರೆ ಏನು ಎಂದು ಅವ್ವ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ.

ಮೈಸೂರಿನ ಹೂಟಗಳ್ಳಿಯ ಮನೆಗೆ ಬಂದ ಮೇಲೂ ತಿಮ್ಮಮ್ಮ ಆ ಮಾತು ಬಿಡಲಿಲ್ಲ. ಮಗ ಚಂದ್ರು, ಸೊಸೆ ಸುಷ್ಮಾ ಇಬ್ಬರೂ ಮೇಟಗಳ್ಳಿಯ ಕಾರ್ಖಾನೆಗಳಿಗೆ ಹೋಗುವವರು. ಅವರು ಬರುವ ತನಕ ಮೊಮ್ಮಗಳು ಲಹರಿಯನ್ನು ನೋಡಿಕೊಳ್ಳುವುದು ಇವಳ ಪಾಲು. ಮಗು ಇನ್ನೂ ಒಂದನೇ ಕ್ಲಾಸಿಗೆ ಸೇರಿರಲಿಲ್ಲ.

ಹೋದ ದಸರೆಯಿಂದ ಈಚೆಗೆ ಆ ಒಂಟಿ ಕೂಗು ಹೆಚ್ಚಾಗುತ್ತ ಬಂತು. ಒಮ್ಮೆ ಪಕ್ಕದ ಮನೆ ಮಂಗಳಮ್ಮನ ದನಿ, ಒಮ್ಮೆ ಸೊಪ್ಪು ಮಾರುವವಳ ದನಿ. ತೆಳ್ಳಗೆ ಒಂದು ಸಲ ಬಂದು ನಿಂತುಬಿಡುವುದು. ತಿಮ್ಮಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಕಲ್ಲಿನಂತೆ ಕೂರುವಳು. ಎರಡನೆಯ ಕೂಗು ಬರುತ್ತಿರಲಿಲ್ಲ. ತನ್ನ ಕಾಲ ಹತ್ತಿರವಾಯಿತು ಅನ್ನಿಸಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಯಾಕೆ ಎಂದು ಕೇಳಿದ ಸುಷ್ಮಾಗೆ ಸೊಳ್ಳೆಗೆ ಅಂದಳು.

ಯುಗಾದಿಗೆ ಮುಂಚೆ ಒಂದು ಸಂಜೆ ಬಂದದ್ದು ಅಣ್ಣ ಸಣ್ಣಯ್ಯನ ದನಿ. "ತಿಮ್ಮೀ." ಅಷ್ಟೇ. ಅಣ್ಣ ಇರುವುದು ಬೆಳಗೊಳದಾಚೆಯ ಊರಿನಲ್ಲಿ; ಹೇಳಿಕಳಿಸದೆ ಬರುವವನಲ್ಲ. ಬಾಗಿಲು ಹಾಕಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಒಳಗೇ ಕುಳಿತಳು. ಆ ವಾರವೇ ಅಣ್ಣ ತೀರಿಕೊಂಡ. ನನ್ನನ್ನು ಕರೆಯಲು ಬಂದದ್ದು, ನಾನು ಏಳಲಿಲ್ಲವೆಂದು ಅವನನ್ನು ಕರೆದುಕೊಂಡು ಹೋಯಿತು ಎಂದುಕೊಂಡಳು. ಮಣ್ಣು ಮಾಡಿದ ದಿನ ಅತ್ತಿಗೆ ಮಾದೇವಮ್ಮ ಇವಳ ಹೆಗಲಿಗೆ ಒರಗಿ ಅಳುತ್ತ ಏನೇನೋ ಹೇಳಿದಳು. ಈಚೆಗೆ ಎಲ್ಲರ ಮಾತಿಗೂ ಅನ್ನುವಂತೆ ತಿಮ್ಮಮ್ಮ ಹೂಂ ಅಂದಳು.

ಆಷಾಢದಲ್ಲಿ ಅದು ಮನೆಯೊಳಕ್ಕೇ ಬಂತು. ಲಹರಿ ಹೊರಗೆ ಆಡುತ್ತಿದ್ದಾಳೆಂದು ತಿಳಿದು ತಿಮ್ಮಮ್ಮ ಅಕ್ಕಿ ಆರಿಸುತ್ತಿದ್ದಳು. ಹಿಂದಿನಿಂದ "ಅಜ್ಜೀ" ಎಂದಿತು. ಮಗುವಿನ ದನಿಯೇ. ಮೊರವನ್ನು ಬಿಗಿಯಾಗಿ ಹಿಡಿದು, ತಿರುಗಿಯೂ ನೋಡದೆ, ಎರಡನೆಯ ಕೂಗಿಗಾಗಿ ಕಾದಳು. ಬರಲಿಲ್ಲ. ಮನೆ ಸುಮ್ಮನಿತ್ತು. ಹಿತ್ತಲಿನ ಬಾಗಿಲು ತಳ್ಳಿಕೊಂಡು ಮಂಗಳಮ್ಮ ನುಗ್ಗಿದವಳೇ ಬಚ್ಚಲಿನ ಕದಕ್ಕೆ ಭುಜ ಕೊಟ್ಟಳು. ಒಳಗೆ ಚಿಲಕ ಸಿಕ್ಕಿಹಾಕಿಕೊಂಡಿತ್ತು. ಕದ ಬಿಟ್ಟಾಗ ಲಹರಿ ನೆಲದ ಮೇಲೆ ಕುಳಿತಿದ್ದಳು. ಬಡಿದು ಬಡಿದು ಅಂಗೈ ಕೆಂಪಾಗಿತ್ತು.

"ಗೋಡೆ ಆಚೆ ಇದ್ದ ನಂಗೆ ಕೇಳುಸ್ತು, ಇಲ್ಲೇ ಕುಂತವಳಿಗೆ ಕೇಳಿಸ್ನಿಲ್ವಾ ತಿಮ್ಮಮ್ಮ?" ಮಂಗಳಮ್ಮ ಏದುಸಿರು ಬಿಡುತ್ತ ಕೇಳಿದಳು. "ನಾನೂ ಗೇಟ್ ತಾವ ನಿಂತು ಕೂಗಿ ಕೂಗಿ ಸಾಕಾಗಿ ಬರೋದೇ ಬುಟ್ಟೆ. ಸೊಸೆ ದುಡೀತಾಳೆ ಅಂತ ಇವಳೂ ದೊಡ್ಡ ಮನುಷ್ಯಳಾದ್ಲು ಅಂದ್ಕಂಡಿದ್ದೆ."

"ಎಷ್ಟ್ ಸಲ ಕರೆದೆ ಅಜ್ಜಿ," ಎಂದಿತು ಮಗು. ಬಿಕ್ಕುತ್ತಿತ್ತು.

ಅಂದು ತಿಮ್ಮಮ್ಮನಿಗೆ ಅನ್ನ ಇಳಿಯಲಿಲ್ಲ. ಕೂಗಿದ್ದು ಒಂದೇ ಸಲ ಅಲ್ಲ. ತನಗೆ ಕೇಳಿಸಿದ್ದು ಒಂದು. ಹಾಗಾದರೆ ಯುಗಾದಿಗೆ ಮುಂಚೆ ಗೇಟಿನ ಬಳಿ ನಿಂತಿದ್ದವರು ಯಾರು?

ಕಿವಿ ತೋರಿಸೋಣ ಎಂದು ಸುಷ್ಮಾ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. "ನನ್ ಕಿವಿಗೆ ಏನಾಗದೆ? ಎಲ್ಲಾ ಕೇಳ್ತದೆ." ಕಿವಿ ನೆಟ್ಟಗಿದ್ದರೆ ಅಂದು ಬಂದದ್ದು ಅದು. ಕಿವಿ ಕೆಟ್ಟಿದ್ದರೆ ಬಂದವನು ಅಣ್ಣ. ಅಂದು ಬಂದದ್ದು ಅದೇ ಆಗಿರಲಿ ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ದೆವ್ವವನ್ನು ಬೇಡಿಕೊಳ್ಳುವ ಕಾಲ ಬಂತಲ್ಲ ಎಂದು ನಗುವೂ ಬರುತ್ತಿತ್ತು.

ಆದರೆ ಲಹರಿ ಅಜ್ಜಿ ಎಂದು ಕರೆಯುವುದನ್ನೇ ಬಿಟ್ಟಿದ್ದಳು. ನೀರು ಬೇಕಾದರೆ ಎದುರಿಗೆ ಬಂದು ಸೆರಗು ಎಳೆಯುವಳು. ಹಸಿವಾದರೂ ಅಷ್ಟೇ. ಒಂದು ದಿನ ಬಿದ್ದು ಮೊಣಕಾಲು ತರಚಿಕೊಂಡಾಗಲೂ ಸುಮ್ಮನೆ ಎದ್ದು ಬಂದು ಸೆರಗು ಎಳೆದಳು. ಆ ಸಂಜೆ ತಿಮ್ಮಮ್ಮ ಸೊಸೆಗೆ, "ನಾಳೆ ರಜಾ ಹಾಕು, ಹೋಗಿ ಬರೋವ," ಅಂದಳು.

ವಾಕ್ ಶ್ರವಣ ಸಂಸ್ಥೆಯಲ್ಲಿ ದಪ್ಪ ಗೋಡೆಯ ಸಣ್ಣ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಶಬ್ದ ಕೇಳಿಸಿದಾಗ ಒತ್ತಬೇಕು. ಕದ ಮುಚ್ಚಿತು. ಅಂಥ ಮೌನವನ್ನು ತಿಮ್ಮಮ್ಮ ಕಂಡಿರಲಿಲ್ಲ. ಅದರೊಳಗಿಂದ, ಕೆರೆಯಾಚೆ ಯಾರೋ ಶಿಳ್ಳೆ ಹಾಕಿದಂತೆ, ಏನೋ ಬಂತು. ಹೆಬ್ಬೆರಳು ಗುಂಡಿ ಒತ್ತಲಿಲ್ಲ. ಮತ್ತೊಂದು ಬಂತು, ಬೇರೆ ದನಿ. ಅದೂ ಒಂಟಿ.

ಪರೀಕ್ಷೆ ಮಾಡುವ ಹುಡುಗಿ ಕದ ತೆರೆದು ಹೆಡ್‌ಫೋನ್ ಸರಿಸಿ, ಕಿವಿಯ ಹತ್ತಿರ ಬಾಗಿ ಕೇಳಿದಳು. "ಏನೂ ಕೇಳಿಸ್ತಿಲ್ವಾ ಅಜ್ಜಿ?"

"ಕೇಳ್ತು. ಒಂದೊಂದೇ ಸಲ ಕೇಳ್ತು."

"ಮತ್ತೆ ಯಾಕೆ ಒತ್ತಲಿಲ್ಲ?"

"ಇನ್ನೆರಡು ಬರ್ಲಿ ಅಂತ."

ಹುಡುಗಿ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. "ನಮ್ಮಜ್ಜೀನೂ ಹಾಗೇ ಹೇಳೋರು. ಇಲ್ಲಿ ಕರೆಯೋಳು ನಾನೊಬ್ಳೇ. ಒಂದು ಸಲ ಕೇಳಿಸಿದ್ರೂ ಒತ್ತಿಬಿಡಿ."

ತಿಮ್ಮಮ್ಮ ಒತ್ತಿದಳು. ಪ್ರತಿ ಸಲ ಒತ್ತುವಾಗಲೂ ಕಣ್ಣು ಮುಚ್ಚಿಕೊಂಡಳು.

ಎರಡು ಕಿವಿಯೂ ಮಂದವಾಗಿದ್ದವು. ಹರೆಯದಲ್ಲಿ ನೂಲಿನ ಗಿರಣಿಯ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದದ್ದೂ ಒಂದು ಕಾರಣ ಇರಬಹುದು ಅಂದರು. ಹಾಕಿ ನೋಡಲು ಒಂದು ಶ್ರವಣ ಸಾಧನ ಕೊಟ್ಟರು. ಇದ್ದಕ್ಕಿದ್ದಂತೆ ಫ್ಯಾನು ತಿರುಗುವುದು, ಸುಷ್ಮಾಳ ಬಳೆ, ತನ್ನದೇ ಸೀರೆಯ ಸರಬರ ಎಲ್ಲ ಮೈಮೇಲೆ ಬಂದವು. ಸ್ವಲ್ಪ ಹೊತ್ತು ಹೊರಗೆ ಕೂತು ಬನ್ನಿ ಎಂದಳು ಹುಡುಗಿ. ಪಡಸಾಲೆಯ ಬೆಂಚಿನ ಮೇಲೆ ತಿಮ್ಮಮ್ಮ ಹೇಳಿದಳು: "ಊರಿಗೆ ಫೋನ್ ಹಚ್ಚು. ಅತ್ತಿಗೆ ತಾವ ಮಾತಾಡ್ಬೇಕು."

ಸುಷ್ಮಾ ಸ್ಪೀಕರ್ ಹಾಕಿ ಕೊಟ್ಟಳು.

"ಅತ್ತಿಗೆ, ಸಾಯೋಕೆ ಮುಂಚೆ ಅಣ್ಣ ನಮ್ಮನೆ ತಾವ ಬಂದಿದ್ನಾ?"

ಆ ಕಡೆ ಅಂಗಳದಲ್ಲಿ ಕೋಳಿ ಕೂಗುವುದು ಕೇಳಿಸಿತು.

"ಮಣ್ಣು ಮಾಡಿದ ದಿನವೇ ಹೇಳಿದ್ನಲ್ಲವ್ವ," ಅಂದಳು ಮಾದೇವಮ್ಮ. "ನೀನು ಹೂಂ ಅಂದೆ."

"ನಂಗೆ ಕೇಳಿರ್ಲಿಲ್ಲ ಅತ್ತಿಗೆ."

"ಮೈಸೂರಿಗೆ ಆಸ್ಪತ್ರೆ ಕೆಲ್ಸಕ್ಕೆ ಬಂದಿದ್ರು. ತಿಮ್ಮೀನ ನೋಡ್ಕಂಡು ಬತ್ತೀನಿ ಅಂದಿದ್ರು. ಮನೇಲಿ ಯಾರೂ ಇರ್ನಿಲ್ಲ ಅಂದ್ರು. ವಾಪಸ್ ಬಂದಾಗ ಗಂಟಲು ಕಟ್ಟೋಗಿತ್ತು ಕಣವ್ವ."

ತಿಮ್ಮಮ್ಮನ ಮುಖ ನೋಡಿ ಸುಷ್ಮಾ ಅವಳ ಕಿವಿಯತ್ತ ಕೈ ಚಾಚಿದಳು. "ಇವತ್ತಿಗೆ ಸಾಕು ಅತ್ತೆ, ಬಿಚ್ಚಿಬಿಡ್ತೀನಿ."

"ಬ್ಯಾಡ." ತಿಮ್ಮಮ್ಮ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. "ಎರಡು ಕಿವಿಗೂ ಬೇಕು ಅಂತ ಆ ಹುಡುಗಿಗೆ ಹೇಳು, ಹೋಗು."

ಸುಷ್ಮಾ ಎದ್ದು ಹೋದಳು. ತಿಮ್ಮಮ್ಮ ಫೋನನ್ನು ಎದೆಯ ಹತ್ತಿರ ತಂದುಕೊಂಡಳು.

"ಅತ್ತಿಗೆ, ಅವತ್ತು ಹೇಳಿದ್ದನ್ನೆಲ್ಲ ಇನ್ನೊಂದು ಸಲ ಹೇಳು. ಮೊದಲಿಂದ ಹೇಳು."

ಮಾದೇವಮ್ಮ ಮೂಗು ಒರೆಸಿಕೊಂಡು ಹೇಳತೊಡಗಿದಳು. ತಿಮ್ಮಮ್ಮ ಈ ಸಲ ನಡುವೆ ಒಮ್ಮೆಯೂ ಹೂಂ ಅನ್ನಲಿಲ್ಲ.